ಕತ್ತಿಯ ಹೆಂಡತಿ ದ್ಯಾಮಿ

ನಿಮ್ಮ ಅಜ್ಜಿಯ ಅಜ್ಜಿಗೂ ಹಲ್ಲು ಮೂಡಿರದ ಕಾಲದಲ್ಲಿ ನವಿಲುಕೋಟೆ ಎಂಬ ರಾಜ್ಯವಿತ್ತು. ಅದರ ಮೇಲೆ ಧೂಮಜಟಿ ಎಂಬ ಮಾಂತ್ರಿಕನ ಕಣ್ಣು ಬಿದ್ದಿತ್ತು. ಅವನು ಹೀಗೊಂದು ಮಾಟ ಮಾಡಿದ. ದಸರೆಯೊಳಗೆ ಯುವರಾಜ ಧವಳಕೀರ್ತಿಯ ಮದುವೆಯಾಗದಿದ್ದರೆ ರಾಜ್ಯ ಮಾಂತ್ರಿಕನದು. ಮದುವೆಯಾದರೆ ಅವನು ಮೂರು ಸಲ ಕೋಟೆ ಬಾಗಿಲಿಗೆ ಬರುತ್ತಾನೆ, ಆಗ ಹೊಸ ಸೊಸೆ ಹೊಸ್ತಿಲ ಮೇಲೆ ನಿಂತಿರಬೇಕು. ಒಳಕ್ಕಾಗಲಿ ಹೊರಕ್ಕಾಗಲಿ ಕಾಲಿಟ್ಟರೆ ಅವಳು ಕಲ್ಲಾಗುತ್ತಾಳೆ, ರಾಜ್ಯ ಅವನ ಪಾಲಾಗುತ್ತದೆ.

ಯಾವ ರಾಜ ತಾನೇ ಮಗಳನ್ನು ಕೊಟ್ಟಾನು? ಒಬ್ಬಳಿಗೆ ನೆಗಡಿಯಂತೆ, ಇನ್ನೊಬ್ಬಳ ಜಾತಕ ಕೂಡಿಬರಲಿಲ್ಲವಂತೆ. ಕೊನೆಗೆ ಮಂತ್ರಿ ಪಂಚೆ ಎತ್ತಿ ಹಿಡಿದುಕೊಂಡು ಕುಂಬಾರಗೇರಿಗೆ ಬಂದ.

ಕುಂಬಾರ ಕರಿಬಸಪ್ಪನ ಮಗಳು ದ್ಯಾಮಿ ಅವನ ಮಾತನ್ನೆಲ್ಲ ಕೇಳಿಸಿಕೊಂಡಳು. ಅರಮನೆಯವರು ಕೆರೆಗೆ ಬೇಲಿ ಹಾಕಿಸಿದಾಗಿನಿಂದ ಕೇರಿಗೆ ಮಣ್ಣಿಲ್ಲ, ಮಡಕೆ ಮಾಡುವ ತಿಗರಿಗಳು ಜೇಡರಬಲೆ ಕಟ್ಟಿ ನಿಂತಿದ್ದವು.

“ಕೆರೆ ಬೇಲಿ ಕೀಳಿಸ್ತೀರಾ?” ಎಂದು ದ್ಯಾಮಿ ಕೇಳಿದಳು.

“ಕೀಳಿಸ್ತೀವಿ.”

“ಹಂಗಾದ್ರೆ ಮದುವೆ ಆಗ್ತೀನಿ.”

“ಬ್ಯಾಡ ಕಣವ್ವ,” ಎಂದು ಕರಿಬಸಪ್ಪ ಅತ್ತ. ದ್ಯಾಮಿಗೂ ಜೀವದ ಭಯವಿತ್ತು. ಆದರೆ ಮಾತು ಕೊಟ್ಟಾಗಿತ್ತು.

ಮದುವೆಗೆ ಯುವರಾಜ ಬರಲಿಲ್ಲ, ಅವನ ಕತ್ತಿ ಬಂತು. ಅರಮನೆಯ ಗಂಡು ಕೆಳಗಿನ ಕುಲದ ಹೆಣ್ಣು ತರುವಾಗ ಹಸೆಮಣೆಯ ಮೇಲೆ ತನ್ನ ಬದಲು ಕತ್ತಿ ಇಡುವುದು ಅಲ್ಲಿನ ಪದ್ಧತಿ. ಕತ್ತಿಗೆ ಪೇಟ ಸುತ್ತಿ ಬಾಸಿಂಗ ಕಟ್ಟಿದ್ದರು. ಮುತ್ತೈದೆಯೊಬ್ಬಳು ತಾಳಿಯನ್ನು ಅದರ ಹಿಡಿಗೆ ಮುಟ್ಟಿಸಿ ದ್ಯಾಮಿಯ ಕೊರಳಿಗೆ ಕಟ್ಟಿದಳು.

ಕೋಟೆ ಬಾಗಿಲ ಪಕ್ಕದ ಕೋಣೆಯಲ್ಲಿ ದ್ಯಾಮಿಯ ಬಿಡಾರ. ಗಂಡ ಎಂದ ಮೇಲೆ ಗಂಡನೇ ಎಂದುಕೊಂಡು ಅವಳು ಉಣ್ಣುವಾಗ ಕತ್ತಿಯ ಮುಂದೆ ಮೊದಲ ತುತ್ತಿಟ್ಟಳು, ಎಣ್ಣೆ ಸವರಿದಳು, ಬೇಸರವಾದಾಗ ಬೈದಳು. “ನಿಮ್ಮನೇಲಿ ಸಾರಿಗೆ ಉಪ್ಪೇ ಹಾಕಲ್ವೇನ್ರೀ?” ಕತ್ತಿ ಎದುರು ಮಾತಾಡಲಿಲ್ಲ. ಅಷ್ಟು ಒಳ್ಳೆಯ ಗಂಡ ಎಲ್ಲರಿಗೂ ಸಿಗುವುದಿಲ್ಲ.

ಮೊದಲ ಸಲ ಮಾಂತ್ರಿಕ ಮೂರು ತಲೆಯ ಹುಲಿಯಾಗಿ ಬಂದ. “ಈ ಮನೆ ಸೊಸೆ ಯಾರು?” ಎಂದು ಗರ್ಜಿಸಿದ. “ನಾನೇ,” ಎಂದಳು ದ್ಯಾಮಿ. ಒಳಗೆ ಓಡಿಹೋಗಬೇಕೆನಿಸಿತು. ಕತ್ತಿಯನ್ನು ಎದೆಗೊತ್ತಿಕೊಂಡು ನಿಂತಳು. ಕತ್ತಿ ತಾನಾಗಿ ಒರೆಯಿಂದ ಹಾರಿ ಹುಲಿಯ ಮೂರೂ ಮೂಗನ್ನು ಕೊಯ್ದು ಮರಳಿತು.

ಎರಡನೆಯ ಸಲ ಹೆಬ್ಬಾವಾಗಿ ಬಂದ. “ಈ ಮನೆ ಸೊಸೆ ಯಾರು?” “ನಾನೇ.” ಹಾವು ಅವಳ ಕಣ್ಣೆದುರೇ ಕೆರೆಯನ್ನು ಗಟಗಟ ಕುಡಿಯತೊಡಗಿತು. ಹೊರಗೆ ಓಡಿಹೋಗಬೇಕೆನಿಸಿದರೂ ಹೊಸ್ತಿಲು ಬಿಡಲಿಲ್ಲ. “ರೀ, ಹೋಗ್ರೀ!” ಎಂದು ಕೂಗಿದಳು. ಕತ್ತಿ ಹೋಗಿ ಹಾವಿನ ಹೊಟ್ಟೆ ಸೀಳಿತು. ನೀರೆಲ್ಲ ಕೆರೆಗೆ ಮರಳಿತು. ಮಾಂತ್ರಿಕ ತೆವಳಿಕೊಂಡು ತಪ್ಪಿಸಿಕೊಂಡ.

ಮೂರನೆಯ ಸಲ ರೇಷ್ಮೆ ಉಟ್ಟ ಚೆಲುವನೊಬ್ಬ ಬಂದು ಹೊರಗೆ ನಿಂತ. “ದ್ಯಾಮಿ, ನಾನು ಧವಳಕೀರ್ತಿ, ನಿನ್ನ ಗಂಡ. ಎಲ್ಲ ಮುಗೀತು, ಬಾ.”

ಅಷ್ಟರಲ್ಲಿ ಒಳಗೆ ಅರಮನೆಯ ಮಹಡಿಯಿಂದ ಇನ್ನೊಬ್ಬ ಓಡಿಬಂದ. ಅದೇ ಮುಖ, ಅದೇ ರೇಷ್ಮೆ. “ಹೋಗಬೇಡ! ಧವಳಕೀರ್ತಿ ನಾನು!”

ದ್ಯಾಮಿಗೆ ದಿಕ್ಕೇ ತೋಚಲಿಲ್ಲ. ತನ್ನ ಗಂಡನ ಮುಖವನ್ನು ಅವಳು ಕಂಡೇ ಇರಲಿಲ್ಲ. ಒರೆಯಲ್ಲಿದ್ದ ಕತ್ತಿಯೂ ಸುಮ್ಮನಿತ್ತು. ಅವಳು ಯೋಚಿಸಿ ಕೇಳಿದಳು: “ಮದುವೆ ದಿನ ಏನು ಮಾಡಿದ್ರಿ, ಇಬ್ರೂ ಹೇಳಿ.”

“ನಿನ್ನ ಪಕ್ಕದಲ್ಲಿ ಕೂತು ತಾಳಿ ಕಟ್ಟಿದೆನಲ್ಲೇ!” ಎಂದ ಹೊರಗಿನವ. ಮದುವೆ ಎಂದರೆ ಗಂಡು ಹೋಗಿರುತ್ತಾನೆ ಎಂದೇ ಅವನ ಲೆಕ್ಕ.

ಒಳಗಿನವನು ತಲೆ ತಗ್ಗಿಸಿದ. “ನಾನು ಬರಲೇ ಇಲ್ಲ. ಮಹಡಿ ಮೇಲೆ ಊಟ ಮಾಡ್ತಾ ಕೂತಿದ್ದೆ. ಸಾಯೋಕೆ ಕಳಿಸ್ತಿರೋಳ ಮುಖ ನೋಡೋ ಧೈರ್ಯ ಇರಲಿಲ್ಲ.”

ದ್ಯಾಮಿ ಹೊರಗಿನವನತ್ತ ಕೈ ತೋರಿಸಿದಳು. ಕತ್ತಿ ಹಾರಿ ಅವನ ಎದೆಗೆ ನಾಟಿತು. ಧೂಮಜಟಿ ಹೊಗೆಯಾಗಿ ಹೋದ. ಅವನೊಂದಿಗೆ ಕತ್ತಿಯೂ ಕರಗಿತು, ಹಿಡಿ ಮಾತ್ರ ಉಳಿಯಿತು.

“ಕತ್ತಿ ಹೋಯ್ತು, ಮದುವೆಯೂ ಮುಗೀತು. ಹೊರಡಮ್ಮ,” ಎಂದ ಮಂತ್ರಿ. ಯುವರಾಜ ನಾಚಿಕೆಯಿಂದ ಮುಖ ತಿರುಗಿಸಿಕೊಂಡ.

“ಕೆರೆ ಬೇಲಿ ಕಿತ್ರಲ್ಲ, ಮಾತಾಗಿದ್ದೂ ಅಷ್ಟೇ,” ಎಂದು ದ್ಯಾಮಿ ಹಿಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ದಾರಿಯುದ್ದಕ್ಕೂ ಅತ್ತಳು. ಆ ಮನೆಯಲ್ಲಿ ಅವಳ ಜೊತೆ ಊಟಕ್ಕೆ ಕೂತದ್ದು ಆ ಕತ್ತಿಯೊಂದೇ.

ಮಾರನೆಯ ದಿನವೇ ಯುವರಾಜ ಕುಂಬಾರಗೇರಿಗೆ ನಡೆದುಬಂದ. “ಹೆಣ್ಣು ಕೇಳೋಕೆ ಬಂದಿದ್ದೀನಿ. ಈ ಸಲ ನಾನೇ ಹಸೆಗೆ ಕೂರ್ತೀನಿ,” ಎಂದು ಕರಿಬಸಪ್ಪನಿಗೆ ಕೈಮುಗಿದ.

“ಮುಹೂರ್ತಕ್ಕೆ ಬರಲಿ, ನೋಡೋಣ,” ಎಂದು ಒಳಗಿನಿಂದ ದ್ಯಾಮಿಯ ದನಿ ಬಂತು.

ಮುಹೂರ್ತದ ದಿನ ಧವಳಕೀರ್ತಿ ಎಲ್ಲರಿಗಿಂತ ಮೊದಲೇ ಬಂದು ಕೂತ. ಪಕ್ಕದ ಮಣೆಯ ಮೇಲೆ ಸೀರೆ ಸುತ್ತಿ ಬಾಸಿಂಗ ಕಟ್ಟಿದ ಮಡಕೆಯೊಂದಿತ್ತು.

“ಇದೇನಿದು ಅವಮಾನ!” ಎಂದು ಮಂತ್ರಿ ಎದ್ದುನಿಂತ.

ಯುವರಾಜನ ಕಿವಿ ಕೆಂಪಾದವು. “ಕೂತ್ಕೊಳ್ಳಿ ಮಂತ್ರಿಗಳೇ, ನಮ್ಮದೇ ಪದ್ಧತಿ,” ಎಂದು ತಾಳಿ ತೆಗೆದುಕೊಂಡು ಮಡಕೆಯ ಕೊರಳಿಗೆ ಭಕ್ತಿಯಿಂದ ಕಟ್ಟತೊಡಗಿದ.

“ಸಾಕು ಬಿಡ್ರೀ, ಅದು ನಾಳೆ ಸಾರಿಗೆ ಬೇಕು,” ಎಂದು ನಗುತ್ತಾ ದ್ಯಾಮಿ ಒಳಗಿನಿಂದ ಬಂದು, ಮಡಕೆ ಸರಿಸಿ, ಮಣೆಯ ಮೇಲೆ ತಾನೇ ಕೂತಳು.

ಮರುದಿನ ಅರಮನೆಯಲ್ಲಿ ಅದೇ ಮಡಕೆಯಲ್ಲಿ ಸಾರು ಕುದಿಯಿತು. ಅವತ್ತು ಉಪ್ಪು ಸರಿಯಾಗಿತ್ತು. ಇಬ್ಬರೂ ಎದುರುಬದುರು ಕೂತು ಉಂಡರು, ಬದುಕಿಡೀ ಹಾಗೆಯೇ ಉಂಡು ಸುಖವಾಗಿದ್ದರು. ಕತೆ ಕೇಳಿದ ನಿಮ್ಮ ಮನೆಯ ಸಾರಿಗೂ ಉಪ್ಪು ಹದವಾಗಿರಲಿ.