ಅಳಿಸಿಹೋದ ಗೆರೆಗಳ ಚಳಿಗಾಲ

“ಏನ್ ಮಾಡ್ಬಿಟ್ರಿ ನೀವು?!”

ಚಿತ್ರಗಳಿಗೆ ಕಟ್ಟು ಹಾಕುವ ಆ ಸಣ್ಣ ಅಂಗಡಿಯಲ್ಲಿ ಅವಳ ದನಿ ಗೋಡೆಗೊರಗಿಸಿಟ್ಟ ಗಾಜುಗಳಿಗೆಲ್ಲ ತಾಗಿತು. ಮೇಜಿನಾಚೆ ನಿಂತವನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿಯಾಗಿತ್ತು.

“ಸುಕ್ಕಿತ್ತು… ಇಸ್ತ್ರಿ ಮಾಡ್ದೆ. ಸುಕ್ಕಿದ್ರೆ ಕಟ್ಟು ಸರಿಯಾಗಿ ಕೂರಲ್ಲ.”

“ಅರ್ಧ ಹೊಲಿದ ಬಟ್ಟೆಗೆ ಯಾರಾದ್ರೂ ಕಟ್ಟು ಹಾಕಿಸ್ತಾರಾ? ಕಣ್ಣು ಕಾಣಲ್ವಾ ನಿಮಗೆ?”

ಅವನು ಬಟ್ಟೆಯನ್ನು ನೋಡಿದ. ಎಲೆ ಉದುರಿದ ಮರವೊಂದರ ಕಾಂಡ, ಎರಡು ಕೊಂಬೆ, ಕೆಂಪು ದಾರದ ಗಂಟುಗಳಲ್ಲಿ ಅರಳಿದ ಒಂದಷ್ಟು ಹಣ್ಣು. ಉಳಿದದ್ದೆಲ್ಲ ಬಿಳಿ.

“ಇಲ್ಲಿ ನೀಲಿ ಗೆರೆಗಳಿದ್ದವು,” ಎಂದ ಮೆಲ್ಲಗೆ. “ಎಲ್ಲಿ ಹೋದವು?”

“ನನ್ನನ್ನ ಕೇಳ್ತೀರಾ?” ಅವಳು ಬಟ್ಟೆಯನ್ನು ತನ್ನತ್ತ ಎಳೆದುಕೊಂಡಳು. “ಕಾವು ತಾಗಿದ್ರೆ ಆ ಪೆನ್ನಿನ ಗೆರೆ ಅಳಿಸಿಹೋಗುತ್ತೆ. ಹೊಲಿದು ಮುಗಿದ ಮೇಲೆ ಇಸ್ತ್ರಿ ಮಾಡೋದು ಅದಕ್ಕೇ. ಆ ಚಿತ್ರ ನಮ್ಮಮ್ಮ ಬರೆದಿದ್ದು… ಇನ್ನೊಂದ್ಸಲ ಬರೆಯೋಕೆ ಅಮ್ಮನಿಗೆ ಆ ಕೈಯೇ ಇಲ್ಲ!”

ಅವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ.

ಬಟ್ಟೆಯನ್ನು ಎದೆಗವಚಿಕೊಂಡು ಅವಳು ಹೊರಟೇಹೋದಳು.

ಪ್ರತಿ ಚಳಿಗಾಲದ ರಜೆಗೂ ಆ ಮನೆಯಲ್ಲಿ ಒಂದು ಹೊಸ ಕಸೂತಿ ಗೋಡೆಗೇರುತ್ತಿತ್ತು. ಚಿತ್ರ ಅಮ್ಮನದು, ಹೊಲಿಗೆ ಮಗಳದು. ಈ ಸಲ ಚಿತ್ರ ಬರೆದುಕೊಟ್ಟ ಕೆಲವೇ ದಿನಗಳಲ್ಲಿ ಪಾರ್ಶ್ವವಾಯು ಬಡಿದು ಅಮ್ಮನ ಬಲಗೈ ಮಡಿಲಲ್ಲಿ ಸುಮ್ಮನೆ ಮಲಗಿಬಿಟ್ಟಿತ್ತು. ರಜೆಯ ಉಡುಗೊರೆಗೆಂದು ಬಂದಿದ್ದ ಆರ್ಡರಿನ ಕಸೂತಿಗಳನ್ನು ಕಟ್ಟು ಹಾಕಿಸಲು ಕೊಂಡೊಯ್ದ ಅತ್ತಿಗೆ, ಗಂಟಿನಲ್ಲಿ ಇದನ್ನೂ ತಿಳಿಯದೆ ಸೇರಿಸಿಬಿಟ್ಟಿದ್ದಳು.

ಅತ್ತಿಗೆಯ ಮೇಲೆ ಕೋಪ ಬರಲಿಲ್ಲ. ತಪ್ಪಾಯಿತೆಂದು ಅತ್ತೂ ಅತ್ತೂ ಅತ್ತಿಗೆಯ ಮೂಗೇ ಕೆಂಪಾಗಿತ್ತು. ಕೋಪವೆಲ್ಲ ಅವನ ಪಾಲಿಗೇ ಉಳಿಯಿತು.

ಮರುದಿನ ಸಂಜೆ ಅವನು ಮನೆಗೆ ಬಂದ. ಮುಗಿದ ಕಟ್ಟುಗಳನ್ನು ಜೋಡಿಸಿಟ್ಟ. ಅಮ್ಮನ ಎದುರಿನ ಕುರ್ಚಿಯಲ್ಲಿ ಕೂತ. ಒಂದು ಮಾತೂ ಆಡದೆ ಎದ್ದುಹೋದ.

ಅದರ ಮರುದಿನವೂ ಬಂದ.

“ಬಂದ ನೋಡು ಮೌನಿಬಾಬಾ!” ಅತ್ತಿಗೆ ಅಡುಗೆಮನೆಯಿಂದ ಪಿಸುಗುಟ್ಟಿದಳು. “ಇವತ್ತೇನು ನೆಪ? ಮೊಳೆ ಬಿಟ್ಟುಹೋಗಿದ್ದಾನಾ, ಸುತ್ತಿಗೆನಾ?”

“ಗಿರಾಕಿ ಕೈತಪ್ಪಿ ಹೋಗ್ಬಾರ್ದಲ್ಲ, ಅದಕ್ಕೇ ಈ ನಾಟಕ,” ಎಂದಳು ಅವಳು, ಅವನಿಗೆ ಕೇಳಿಸುವಂತೆಯೇ.

ಕೇಳಿಸಿತು. ಅವನು ತಲೆ ಎತ್ತಲಿಲ್ಲ. ಅಮ್ಮನ ಕಾಲಮೇಲಿನಿಂದ ಜಾರುತ್ತಿದ್ದ ಶಾಲನ್ನು ಸರಿಮಾಡಿದ, ಅಷ್ಟೇ. ಆ ಕೈಗಳಲ್ಲಿ ಅವಸರವಿರಲಿಲ್ಲ. ನಾನ್ಯಾಕೆ ಅವನ ಕೈ ನೋಡ್ತಿದ್ದೀನಿ? ಅವಳು ಸೂಜಿಯ ಕಡೆ ಕಣ್ಣು ತಿರುಗಿಸಿದಳು. ಬೆರಳಿಗೆ ಚುಚ್ಚಿಕೊಂಡಳು.

ಒಂದು ಬೆಳಿಗ್ಗೆ ಕಪಾಟಿನಲ್ಲಿ ಆ ಬಟ್ಟೆ ಇರಲಿಲ್ಲ.

“ಅತ್ತಿಗೇ!”

ಅತ್ತಿಗೆ ಸೆರಗಿನಂಚು ತಿರುವುತ್ತ ನಿಂತಳು. “ಅವರು ಕೇಳಿದ್ರು ಕಣೆ… ನಿನಗೆ ಹೇಳ್ಬೇಡಿ ಅಂದ್ರು… ಕೊಟ್ಟುಬಿಟ್ಟೆ.”

ಅವಳು ಸ್ವೆಟರಿನ ಗುಂಡಿ ಹಾಕುತ್ತಲೇ ಬೀದಿಗಿಳಿದಳು. ಉಳಿದಿರೋದನ್ನೂ ಹಾಳುಮಾಡಿ ಕೈ ತೊಳ್ಕೊಳ್ತಾನೆ!

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಹಳೇ ಫ್ರಿಜ್ಜಿನ ಮುಂದೆ ಮಂಡಿಯೂರಿ ಕೂತಿದ್ದ. ನೆಲದ ತುಂಬ ಬಿಳಿ ಬಟ್ಟೆಯ ಚೂರುಗಳು. ಒಂದೊಂದರ ಮೇಲೂ ಅಂಕುಡೊಂಕಾದ ನೀಲಿ ಗೆರೆಗಳು.

“ನನ್ನ ಬಟ್ಟೆ ಎಲ್ಲಿ?”

“ಐಸ್ ಪೆಟ್ಟಿಗೇಲಿ.”

“ಏನು?!”

“ಅದೇ ಪೆನ್ನು ತಂದೆ. ಗೀಚಿದೆ, ಇಸ್ತ್ರಿ ಮಾಡಿ ಅಳಿಸಿದೆ, ನೀರು, ಹಬೆ, ನಿಂಬೆರಸ… ಏನ್ ಮಾಡಿದ್ರೂ ಬರ್ಲಿಲ್ಲ. ಆಮೇಲೊಂದು ಹುಚ್ಚು ಯೋಚನೆ. ಕಾವಿಗೆ ಹೋಗಿದ್ದು ಚಳಿಗೆ ಬರಬಹುದಾ ಅಂತ.” ಅವನು ಮೊದಲ ಬಾರಿ ಇಷ್ಟು ಮಾತಾಡುತ್ತಿದ್ದ. “ಈ ಚೂರುಗಳಲ್ಲೆಲ್ಲ ಬಂತು. ನಿಮ್ಮ ಬಟ್ಟೇಲಿ ಬರದೇ ಹೋದ್ರೆ ನಿಮಗೆ ಎರಡನೇ ಸಲ ನೋವಾಗುತ್ತಲ್ಲ… ಅದಕ್ಕೇ ಹೇಳ್ಲಿಲ್ಲ.”

ಬಾಗಿಲು ತೆರೆದು, ತಣ್ಣನೆಯ ಪೊಟ್ಟಣವೊಂದನ್ನು ಅವಳ ಕೈಗಿಟ್ಟ.

“ನೀವೇ ಬಿಚ್ಚಿ. ನನಗೆ ಧೈರ್ಯ ಇಲ್ಲ.”

ಅವಳು ಪೊಟ್ಟಣದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದಳು.

ಗೆರೆಗಳು ಬಂದಿದ್ದವು!

ಕೊಂಬೆ, ರೆಂಬೆ, ಹಣ್ಣಿನ ಗೊಂಚಲು… ಆದರೆ ಇದೇನು? ಕೊಂಬೆಯ ತುದಿಯಲ್ಲಿ ಅಮ್ಮ ಬರೆದಿದ್ದು ಒಂದೇ ಹಕ್ಕಿ. ಈಗ ಅಲ್ಲಿ ಹಕ್ಕಿಗಳ ಹಿಂಡೇ ಇತ್ತು. ಒಂದಕ್ಕೆ ರೆಕ್ಕೆ ಜಾರಿತ್ತು, ಒಂದಕ್ಕೆ ಕೊಕ್ಕು ಸೊಟ್ಟ, ಇನ್ನೊಂದು ಅರ್ಧಕ್ಕೇ ನಿಂತಿತ್ತು.

“ಪೆನ್ನಿನ ಹಿಂದಿನ ರಬ್ಬರಿನಿಂದ ಉಜ್ಜಿದ್ರೂ ಆ ಕಾವಿಗೇ ಅಲ್ವಾ ಗೆರೆ ಹೋಗೋದು,” ಎಂದ ಅವನು. “ನಿಮ್ಮಮ್ಮ ಅಳಿಸಿದ್ದೂ ವಾಪಸ್ ಬಂದಿದೆ.”

ಅವಳಿಗೆ ನಿಧಾನವಾಗಿ ಅರ್ಥವಾಯಿತು. ಕಾಯಿಲೆ ಬೀಳುವ ಮೊದಲೇ ಅಮ್ಮನ ಕೈ ಸೋಲುತ್ತಿತ್ತು. ಬರೆದು, ಅಳಿಸಿ, ಮತ್ತೆ ಬರೆದು… ಕೊನೆಗೆ ಸರಿಬಂದದ್ದೊಂದನ್ನು ಮಾತ್ರ ನಗುತ್ತ ಮಗಳ ಕೈಗಿಟ್ಟಿದ್ದಳು!

ಮನೆಯಲ್ಲಿ ಅಮ್ಮನ ಮಡಿಲ ಮೇಲೆ ಬಟ್ಟೆ ಹರಡಿ ಅವಳು ಕಾಲ ಬಳಿ ಕುಸಿದಳು. ಅವನು ಹೊಸ್ತಿಲಲ್ಲೇ ನಿಂತ.

“ಕೈ ನಡುಗ್ತಿದೆ ಅಂತ ನಂಗ್ಯಾಕೆ ಹೇಳ್ಲಿಲ್ಲಮ್ಮಾ?”

ಅಮ್ಮ ತಡವರಿಸುತ್ತ ಪದಗಳನ್ನು ಹುಡುಕಿದಳು. “ನೀನು… ಆರ್ಡರ್ ಗಡಿಬಿಡೀಲಿದ್ದೆ… ಪುಟ್ಟಿ.”

ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದೆನಲ್ಲ… ಒಂದು ಸಲವಾದರೂ ತಲೆಯೆತ್ತಿ ನೋಡಬಾರದಿತ್ತೇ ನಾನು! ಅವಳು ಆ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅಮ್ಮನ ಎಡಗೈ ಅವಳ ಕೂದಲಲ್ಲಿ ಆಡಿತು.

“ಯಾವ ಹಕ್ಕಿ ಹೊಲೀಲಮ್ಮಾ?”

“ಎಲ್ಲಾ…” ಅಮ್ಮನ ಅರ್ಧ ತುಟಿ ನಕ್ಕಿತು. “ಸೊಟ್ಟ ಕೊಕ್ಕಿನದ್ದೂ.”

ಅಂದಿನಿಂದ ಅವಳು ಅಮ್ಮನ ಪಕ್ಕದಲ್ಲೇ ಕೂತು ಹೊಲಿದಳು; ಒಂದೊಂದು ಹಕ್ಕಿಗೂ ಬಣ್ಣದ ದಾರವನ್ನು ಅಮ್ಮನ ಎಡಗೈಯೇ ಆರಿಸಿಕೊಟ್ಟಿತು. ಅವನು ಎಂದಿನಂತೆ ಬಂದು, ಎಂದಿನಂತೆ ಸುಮ್ಮನೆ ಕೂರುತ್ತಿದ್ದ. ರಜೆ ಶುರುವಾಗುವ ಹಿಂದಿನ ದಿನ ಕೊನೆಯ ದಾರ ಕತ್ತರಿಸಿ ಅವಳು ಎದ್ದಾಗ, ಅವನೂ ಎದ್ದ. ಬಾಗಿಲವರೆಗೆ ಬಂದಳು.

“ನೀವು ಆ ತಪ್ಪು ಮಾಡದೇ ಇದ್ದಿದ್ರೆ, ಅಮ್ಮ ಪಟ್ಟ ಕಷ್ಟ ನಂಗೆ ಗೊತ್ತೇ ಆಗ್ತಿರ್ಲಿಲ್ಲ,” ಎಂದಳು. “ನಿಮಗೆ ಏನೇನೋ ಅಂದುಬಿಟ್ಟೆ. ನೀವಾದ್ರೂ ಒಂದು ಮಾತು ಆಡ್ಬಾರ್ದಿತ್ತಾ?”

“ಮೊದಲ ದಿನ ಕ್ಷಮೆ ಕೇಳೋಕೇ ಬಂದಿದ್ದು. ಬಾಯಿ ಬರ್ಲಿಲ್ಲ.” ಅವನು ಚಪ್ಪಲಿ ನೋಡುತ್ತ ನಿಂತ. “ಆಮೇಲೆ… ಕೇಳಿಬಿಟ್ರೆ ಮತ್ತೆ ಬರೋಕೆ ಕಾರಣ ಇರಲ್ಲ ಅಂತ ಕೇಳ್ಲಿಲ್ಲ.”

ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣೂ ತುಂಬಿತು.

“ಈಗ ಕೇಳಿ.”

“ಕ್ಷಮಿಸಿ.”

“ಕ್ಷಮಿಸ್ದೆ.”

ಒಳಗೆ ಅತ್ತಿಗೆಯ ಪಾತ್ರೆ ಸದ್ದು ನಿಂತಿತು.

“ಹಾಗಾದ್ರೆ… ನಾಳೆಯಿಂದ ನಾನು…”

“ನಾಳೆಯೂ ಬನ್ನಿ.”

“ಏನಂತ ಬರ್ಲಿ?”

“ನನ್ನನ್ನ ನೋಡೋಕೆ ಅಂತ.”

ಅವನು ತಲೆ ಎತ್ತಿದ. ಈ ಸಲ ಮಾತಿಗಾಗಿ ತಡಕಾಡಲಿಲ್ಲ.

“ಇಷ್ಟು ದಿನ ಬಂದಿದ್ದೂ ಅದಕ್ಕೇ.”