ನಲವತ್ತೆರಡನೆಯ ಕಲ್ಲು ಕದಲಿದ ಪ್ರಕರಣ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಹೆದ್ದಾರಿ ಠಾಣೆಗೆ ಬಂದ ದೂರನ್ನು ಹೆಡ್ ಕಾನ್‌ಸ್ಟೇಬಲ್ ಎರಡು ಸಲ ಓದಿದ. ಜೇಬಿನಲ್ಲಿ ಅಳತೆ ಟೇಪಿಲ್ಲದೆ ಹೊಸ್ತಿಲು ದಾಟದ ಮನುಷ್ಯ ಅವನು. ಹಾಗಾಗಿ ಎಲ್ಲರ ಬಾಯಲ್ಲೂ ಟೇಪಣ್ಣ. ದೂರು ತಂದವನು ರಾಜ್ಯ ಸಾರಿಗೆ ಇಲಾಖೆಯ ದತ್ತಾಂಶ ವಿಭಾಗದ ಎಂಜಿನಿಯರ್, ಇಸ್ತ್ರಿ ಮುರಿಯದ ಅಂಗಿಯ ಯುವಕ.

"ಕಿಲೋಮೀಟರ್ ಕಲ್ಲು ಕಳುವಾಗಿದೆಯಾ ಸ್ವಾಮಿ?"

"ಕಳುವಾಗಿಲ್ಲ. ಸರಿದಿದೆ."

"ತಾನಾಗೇ?"

ಎಂಜಿನಿಯರ್ ನಗಲಿಲ್ಲ. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿ ಕೇಳಿದರು: "ಒಂದು ಕಲ್ಲು ಸರಿದರೆ ನಿಮಗೇನು ನಷ್ಟ?"

"ನಮ್ಮ ಲೆಕ್ಕವೆಲ್ಲ ಕಲ್ಲಿನ ಮೇಲೇ ಕೂತಿದೆ ಸರ್. ಎಷ್ಟು ಗಾಡಿ ಓಡುತ್ತೆ, ಡಾಂಬರು ಎಲ್ಲಿ ಕಿತ್ತಿದೆ, ಅಪಘಾತ ಎಲ್ಲಾಯ್ತು, ಎಲ್ಲ. ಅಪಘಾತದ ಜಾಗ ನಿಮ್ಮ ಎಫ್‌ಐಆರ್‌ನಿಂದ ತಗೋತೀವಿ. ಯಾವ ಕಲ್ಲು ದಾಟಿ ಆಯ್ತು ಅಂತ ನೀವು ಬರೆದಿರ್ತೀರಿ, ಕಂಪ್ಯೂಟರ್ ಕೂಡುತ್ತೆ. ಒಂದೇ ಕಿಲೋಮೀಟರಿನಲ್ಲಿ ಮೂರು ವರ್ಷದೊಳಗೆ ಐದು ಸಾವಾದ್ರೆ ಅದು ಅಪಾಯದ ಪಟ್ಟಿಗೆ. ಪಟ್ಟಿಗೆ ಬಂದ ಕಡೆ ಕೆಳಸೇತುವೆ ಕಟ್ಟಿಸ್ತೀವಿ."

"ಸರಿ."

"ನಲವತ್ತೊಂದನೇ ಕಲ್ಲು ದಾಟಿದ ಮೇಲಿನ ಕಿಲೋಮೀಟರ್ ಈ ಸಲ ಪಟ್ಟಿಗೆ ಬಂತು. ಕೆಲಸ ಶುರು ಮಾಡೋ ಮೊದಲು ಅಳೆಯೋ ಗಾಡಿ ಕಳಿಸಿದ್ವಿ. ಆ ಕಿಲೋಮೀಟರ್ ಇರಬೇಕಾದ್ದಕ್ಕಿಂತ ಉದ್ದ ಇದೆ, ಮುಂದಿನದು ಗಿಡ್ಡ."

"ಬೆಳೆಯೋ ವಯಸ್ಸು," ಎಂದ ಟೇಪಣ್ಣ.

ಹತ್ತೂ ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಸಾರ್ವಜನಿಕ ಆಸ್ತಿಗೆ ಹಾನಿ. ಆರೋಪಿ: ಅಪರಿಚಿತ.

ಎಂಜಿನಿಯರ್‌ಗೆ ಅನುಮಾನವಿದ್ದದ್ದು ಡಾಂಬರು ಹಾಕಿದ ಗುತ್ತಿಗೆದಾರನ ಮೇಲೆ. ಮಧ್ಯಾಹ್ನ ಅವನನ್ನು ಕರೆಸಿದರು. ಅವನು ಬೆವರು ಒರೆಸಿಕೊಳ್ಳುತ್ತ ನಕ್ಕ. "ಕಲ್ಲಿನ ಆ ಕಡೆಯೂ ನಂದೇ ಕಾಂಟ್ರಾಕ್ಟು, ಈ ಕಡೆಯೂ ನಂದೇ. ಬಲಗಡೆ ಜೇಬಿಂದ ಎಡಗಡೆ ಜೇಬಿಗೆ ಹಾಕ್ಕೊಳ್ಳೋಕೆ ಕಲ್ಲು ಹೊರಬೇಕಾ ಸಾರ್?" ಮಾತಿನಲ್ಲಿ ಹುರುಳಿತ್ತು. ಅವನನ್ನು ಕಳಿಸಿದರು.

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್, ಟೇಪಣ್ಣ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಸ್ಥಳಕ್ಕೆ ಹೋದರು. ನಲವತ್ತೆರಡನೆಯ ಕಲ್ಲು ತಿರುವಿನಾಚೆ, ಹುಲ್ಲಿನ ನಡುವೆ ನೆಟ್ಟಗೆ ನಿಂತಿತ್ತು. ಬುಡದ ಸಿಮೆಂಟು ಹೊಸದು. ನೆತ್ತಿಯ ಹಳದಿ ಬಣ್ಣವೂ ಹೊಸದೇ. ಬೇರೆ ಕಲ್ಲುಗಳ ಹಳದಿಗಿಂತ ಒಂದಿಷ್ಟು ಗಾಢ. ಅಂಕಿ ಮಾತ್ರ ಕೈಬರಹ. ಬರೆದವರು ತುಂಬ ಕಾಳಜಿಯಿಂದ ಬರೆದಿದ್ದರು.

"ಮೊದಲಿದ್ದ ಜಾಗ ಯಾವುದು?" ಇನ್‌ಸ್ಪೆಕ್ಟರ್ ಕೇಳಿದರು.

ನಲವತ್ತೊಂದನೆಯ ಕಲ್ಲಿನಿಂದ ಜೀಪಿನ ಮೀಟರು ನೋಡುತ್ತ ಒಂದು ಕಿಲೋಮೀಟರು ಬಂದರು. ಜೀಪು ನಿಂತದ್ದು ಶಾಲೆಯ ಎದುರು, ರಸ್ತೆಯ ಈ ಬದಿಯ ಪಂಕ್ಚರ್ ಅಂಗಡಿಯ ಮುಂದೆ. ತಗಡಿನ ಮಾಡು, ಒಟ್ಟಿದ ಟೈರುಗಳು, ಟ್ಯೂಬು ಅದ್ದಿ ನೋಡುವ ನೀರಿನ ತೊಟ್ಟಿ. ಮೇಲೆ ಗಾಢ ಹಳದಿಯ ಬೋರ್ಡು.

ಅಂಗಡಿ ನಡೆಸುವವಳು ಮೂವತ್ತೈದರ ಹೆಂಗಸು. ಲಾರಿ ಚಾಲಕರೆಲ್ಲ ಅವಳನ್ನು ಪಂಕ್ಚರ್ ಅಕ್ಕ ಎನ್ನುತ್ತಾರೆ. ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಟ್ಯೂಬು ತಿರುಗಿಸುತ್ತಿದ್ದಳು.

"ತೊಟ್ಟಿ ಸರಿಸಮ್ಮ," ಎಂದ ಟೇಪಣ್ಣ, ಬೋರ್ಡಿನ ಹಳದಿ ನೋಡುತ್ತ.

"ಸರಿಸ್ತೀನಿ. ಗುಳ್ಳೆ ಎಲ್ಲಿ ಬರ್ತಿದೆ ನೋಡ್ಕೊಂಡು ಬಿಡ್ತೀನಿ, ಇರಿ."

ಗುಳ್ಳೆ ಸಿಕ್ಕಿತು. ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಟ್ಯೂಬನ್ನು ಮೊಳೆಗೆ ತೂಗುಹಾಕಿ, ತೊಟ್ಟಿಯ ನೀರು ಚೆಲ್ಲಿ ಅವಳೇ ಪಕ್ಕಕ್ಕೆಳೆದಳು. ಕೆಳಗೆ ಕಲ್ಲಿನ ಬುಡದಷ್ಟೇ ಅಗಲದ ಚೌಕ, ಮಣ್ಣು ತುಂಬಿ ಮೇಲೆ ತೆಳುವಾಗಿ ಸಿಮೆಂಟು ಸವರಿದ್ದು. ಟೇಪಣ್ಣ ಟೇಪು ಹಿಡಿದು ನೋಡಿದ. ಕಲ್ಲಿನ ಬುಡಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಯಾರು ಕಿತ್ತಿದ್ದು?"

"ನಾನು."

"ಜೊತೆಗೆ?"

"ಹಾರೆ, ಜಾಕು, ನಾಲ್ಕು ಹಳೇ ಟೈರು."

"ತಮಾಷೆ ಬೇಡ. ಒಬ್ಬ ಹೆಂಗಸು ಅಷ್ಟು ದೊಡ್ಡ ಕಲ್ಲು..."

"ಲಾರಿ ಚಕ್ರ ಬಿಚ್ಚೋಳಿಗೆ ಕಲ್ಲು ಏನು ಮಹಾ ಸಾರ್? ಜಾಕಲ್ಲಿ ಎತ್ತಿ, ಟೈರಿನ ಮೇಲೆ ಮಲಗಿಸಿ, ಮಗು ಮಲಗಿಸ್ಕೊಂಡು ಹೋದ ಹಾಗೆ ಎಳ್ಕೊಂಡು ಹೋದೆ. ಹಗಲಲ್ಲೇ. ಸರ್ಕಾರಿ ಕೆಲಸ ಅಂದ್ಕೊಂಡು ಎಲ್ಲರೂ ದಾರಿ ಬಿಟ್ರು."

ಮಹಿಳಾ ಕಾನ್‌ಸ್ಟೇಬಲ್ ಮುಖ ತಿರುಗಿಸಿ ನಗು ನುಂಗಿದಳು.

"ಯಾಕೆ?" ಎಂದರು ಇನ್‌ಸ್ಪೆಕ್ಟರ್.

ಅವಳು ರಸ್ತೆಯತ್ತ ಗದ್ದ ಎತ್ತಿದಳು. "ನಮ್ಮಕ್ಕ ಬಿದ್ದದ್ದು ಕಲ್ಲಿನ ಆ ಕಡೆ. ಮಗಳನ್ನ ಶಾಲೆಗೆ ಬಿಟ್ಟು ವಾಪಸ್ ಬರ್ತಿದ್ಲು. ಚಪ್ಪಲಿ ಸಿಕ್ಕಿದ್ದು ಕಲ್ಲಿನ ಈ ಕಡೆ. ಇಲಾಖೆ ಆಫೀಸಿಗೆ ಹೋಗಿ ಕೇಳಿದೆ, ಇಲ್ಲಿ ದಾಟೋಕೆ ಏನಾದ್ರೂ ಮಾಡಿ ಅಂತ. ಆ ಕಿಲೋಮೀಟರಿನಲ್ಲಿ ಮೂರೇ ಸಾವು ಅಂದ್ರು. ಈ ಕಡೆದು? ಅದರಲ್ಲೂ ಮೂರೇ. ಆರು ಜನ ಸತ್ರೂ ನಿಮ್ಮ ಮಿಷನ್‌ಗೆ ಐದಾಗಲಿಲ್ಲ ಸಾರ್. ಮಧ್ಯೆ ಕಲ್ಲು ಇದೆಯಲ್ಲ!"

ಒಂದು ಲಾರಿ ತಗಡಿನ ಮಾಡನ್ನು ನಡುಗಿಸುತ್ತ ಹೋಯಿತು.

"ಕಲ್ಲು ಸರಿಸಿದ್ಮೇಲೆ ಇನ್ನಿಬ್ಬರು ಹೋದ್ರು. ಕಲ್ಲು ಅಲ್ಲೇ ಇದ್ದಿದ್ರೆ ಆ ಕಡೆಗೊಬ್ಬರು, ಈ ಕಡೆಗೊಬ್ಬರು ಹಂಚಿಹೋಗ್ತಿದ್ರು. ಈಗ ಇಬ್ಬರೂ ಒಂದೇ ಲೆಕ್ಕಕ್ಕೆ ಬಿದ್ರು, ಹಳೇ ಮೂರಕ್ಕೆ ಸೇರಿ ಐದಾಯ್ತು. ಅಕ್ಕನ ಮಗಳು ದಿನಾ ಇದೇ ರಸ್ತೆ ದಾಟ್ತಾಳೆ. ಅವಳು ಎಷ್ಟನೆಯವಳು ಅಂತ ಕಾಯ್ತಾ ಕೂತಿರಲಾ?"

ಜೀಪಿಗೆ ಹಿಂದಿರುಗುವಾಗ ಟೇಪಣ್ಣ ಮೆಲ್ಲಗೆ ಹೇಳಿದ: "ಆ ಎಫ್‌ಐಆರೆಲ್ಲ ನಾನೇ ಬರೆದದ್ದು ಸಾರ್. ಕಲ್ಲು ನೋಡ್ತಿದ್ದೆ, ನಂಬರು ಹಾಕ್ತಿದ್ದೆ. ಅದನ್ನ ಅಲ್ಲಿ ಯಾರೋ ಕೂಡ್ತಾರೆ ಅಂತ ನಮಗೆ ಯಾರು ಹೇಳಿದ್ರು?"

ಸಂಜೆ ಎಂಜಿನಿಯರ್ ಠಾಣೆಗೆ ಬಂದ. ಅವನ ದನಿ ಹಿಂದಿನ ದಿನಕ್ಕಿಂತ ಸಣ್ಣಗಾಗಿತ್ತು. ಪಂಕ್ಚರ್ ಅಕ್ಕ ಬೆಂಚಿನ ಮೇಲೆ ಕೂತಿದ್ದಳು.

"ಮೇಲಿನವರಿಗೆ ಕೇಸು ಬೇಡವಂತೆ. ಇವರು ತಪ್ಪಾಯ್ತು ಅಂತ ಬರೆದುಕೊಟ್ರೆ ಸಾಕು. ಕಲ್ಲು ಮೊದಲಿನ ಜಾಗಕ್ಕೆ ಹೋಗುತ್ತೆ. ಈ ಜಾಗ ಪಟ್ಟಿಯಿಂದ... ಸದ್ಯಕ್ಕೆ ಹೊರಗೆ."

ಇನ್‌ಸ್ಪೆಕ್ಟರ್ ಅವಳ ಮುಂದೆ ಹಾಳೆ ಇಟ್ಟರು. "ಬರೆದರೆ ಈಗಲೇ ಮನೆಗೆ ಹೋಗಬಹುದು."

"ಕಿತ್ತಿದ್ದು ನಾನೇ ಅಂತ ಬರೀತೀನಿ. ತಪ್ಪಾಯ್ತು ಅಂತ ಬರೆಯೋಲ್ಲ."

"ಕೋರ್ಟು, ಕಚೇರಿ, ಅಲೆದಾಟ. ಮಗು ಇದೆ ನಿಮಗೆ."

"ಮಗು ಇರೋದ್ರಿಂದಲೇ ಸಾರ್. ಅರೆಸ್ಟ್ ಮಾಡಿ. ಕಲ್ಲು ಎಲ್ಲಿತ್ತು, ಎಲ್ಲಿಗೆ ಹೋಯ್ತು, ಯಾಕೆ ಹೋಯ್ತು, ಎಲ್ಲ ಜಡ್ಜ್ ಮುಂದೆ ಓದಿಸಿ. ಯಾಕೆ ಅನ್ನೋದನ್ನ ಮಾತ್ರ ಬಿಡಬೇಡಿ."

ಎಂಜಿನಿಯರ್ ಹಾಳೆಯನ್ನು ಅವಳತ್ತ ಇನ್ನಷ್ಟು ಸರಿಸಿದ. ಅವಳು ಅದನ್ನು ಅಷ್ಟೇ ನಿಧಾನವಾಗಿ ಹಿಂದಕ್ಕೆ ಸರಿಸಿದಳು. ಕೊನೆಗೆ ಆ ಹಾಳೆಯನ್ನು ಇನ್‌ಸ್ಪೆಕ್ಟರ್ ಡ್ರಾಯರಿಗೆ ಹಾಕಿದರು.

"ಎಫ್‌ಐಆರ್ ಆಗಿದೆ. ಬೇಡ ಅಂದಾಕ್ಷಣ ಅಳಿಸೋಕೆ ಅದು ಸ್ಲೇಟಲ್ಲ," ಎಂದರು ಎಂಜಿನಿಯರ್‌ಗೆ. "ಅಪರಾಧದ ಉದ್ದೇಶ ಸಾಬೀತು ಮಾಡೋದು ನನ್ನ ಕೆಲಸ. ನಾಳೆ ಪಂಚನಾಮೆ. ನೀವೂ ಬನ್ನಿ." ಅವಳನ್ನು ಅಂದಿಗೆ ಮನೆಗೆ ಕಳಿಸಿದರು.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಪಂಚನಾಮೆ ಶುರುವಾಯಿತು. ಪಂಚರಾಗಿ ಶಾಲೆಯ ಟೀಚರಮ್ಮ ಮತ್ತು ಒಬ್ಬ ಬಸ್ ಕಂಡಕ್ಟರ್ ನಿಂತರು. ಹಾರೆ, ಜಾಕು, ಹಳದಿ ಬಣ್ಣದ ಡಬ್ಬ ಜಪ್ತಿಯಾದವು. ಆಮೇಲೆ ಇನ್‌ಸ್ಪೆಕ್ಟರ್ ಹಳೆಯ ಎಂಟೂ ಪ್ರಕರಣಗಳ ಕಡತ ತೆಗೆದರು.

"ಒಂದೊಂದನ್ನೂ ಗುರುತು ಮಾಡು. ಕಲ್ಲಿನಿಂದ ಅಳೀಬೇಡ. ಕದಲದ ಏನಾದ್ರೂ ಒಂದರಿಂದ ಅಳಿ."

ಟೇಪಣ್ಣ ಶಾಲೆಯ ಗೇಟಿನ ಕಂಬಕ್ಕೆ ಟೇಪಿನ ತುದಿ ಕಟ್ಟಿದ. ಕಾನ್‌ಸ್ಟೇಬಲ್ ಕೈಯೆತ್ತಿ ಗಾಡಿಗಳನ್ನು ತಡೆದಳು. ಮಹಜರು ಬರೆದವನಿಗೆ ಜಾಗ ಮರೆತಿರಲಿಲ್ಲ. ಎಲ್ಲಿ ಗಾಜು ಚೆಲ್ಲಿತ್ತು, ಎಲ್ಲಿ ಹಾಲಿನ ಕ್ಯಾನು ಉರುಳಿತ್ತು ಎನ್ನುತ್ತ ಅವನು ಸುಣ್ಣದಿಂದ ವೃತ್ತ ಹಾಕುತ್ತ ಹೋದ. ಎರಡು ಸಲ ಟೇಪು ಹಾಸುವಷ್ಟರಲ್ಲಿ ಎಂಟೂ ವೃತ್ತಗಳು ಮುಗಿದುಹೋದವು.

ಎಂಜಿನಿಯರ್ ರಸ್ತೆಯ ಅಂಚಿನಲ್ಲಿ ನಿಂತು ನೋಡಿದ. ಬಹಳ ಹೊತ್ತು ನೋಡಿದ. "ಪಟ್ಟಿಯಲ್ಲಿ ಹೀಗೆ ಕಾಣಿಸೋದೇ ಇಲ್ಲ," ಎಂದ.

"ಸಹಿ ಮಾಡಿ," ಎಂದರು ಇನ್‌ಸ್ಪೆಕ್ಟರ್. ಅವನು ನಕ್ಷೆಯ ಕೆಳಗೆ ಸಹಿ ಮಾಡಿದ.

ಮೂರೂ ಐವತ್ತಕ್ಕೆ ದಸ್ತಗಿರಿ. ಜಾಮೀನು ಸಿಗುವ ಅಪರಾಧ. ಠಾಣೆಗೆ ಬಂದು ತಾನೇ ಜಾಮೀನು ನಿಲ್ಲುತ್ತೇನೆಂದು ಟೀಚರಮ್ಮ ಹೇಳಿದ್ದರು. ಜೀಪು ಹತ್ತುವ ಮುಂಚೆ ಪಂಕ್ಚರ್ ಅಕ್ಕ ಕೇಳಿದಳು: "ನಾಲ್ಕಕ್ಕೆ ಶಾಲೆ ಬಿಡುತ್ತೆ. ಅವಳು ದಾಟಿಬಿಡಲಿ, ಬರ್ತೀನಿ."

ಶಾಲೆಯ ಗಂಟೆ ಹೊಡೆಯಿತು. ಇನ್‌ಸ್ಪೆಕ್ಟರ್ ತಾವೇ ರಸ್ತೆಯ ನಡುವೆ ನಿಂತು ಎರಡೂ ಕಡೆ ಕೈ ಚಾಚಿದರು. ಜಡೆ ಬಿಚ್ಚಿಹೋದ ಏಳು ವರ್ಷದ ಹುಡುಗಿ ಸುಣ್ಣದ ವೃತ್ತಗಳನ್ನು ಆಟದ ಮನೆಗಳೆಂದುಕೊಂಡು ಒಂದರಿಂದ ಒಂದಕ್ಕೆ ಕುಪ್ಪಳಿಸುತ್ತ ಬಂದಳು. ಪಂಕ್ಚರ್ ಅಕ್ಕ ತುಟಿ ಕಚ್ಚಿಕೊಂಡಳು, ಬೈಯಲಿಲ್ಲ. ಅವಳನ್ನು ಮುಂದೆ ನಿಲ್ಲಿಸಿಕೊಂಡು ಜಡೆ ಹೆಣೆಯತೊಡಗಿದಳು.

"ಚಿಕ್ಕಮ್ಮಾ, ಕಲ್ಲು ವಾಪಸ್ ತಂದಿಡ್ತಾರಾ?"

"ಇಟ್ಕೊಳ್ಳಲಿ. ಮತ್ತೆ ಕೀಳ್ತೀನಿ."

"ಹಾರೆ ಜಪ್ತಿ ಆಗಿದೆ ತಾಯಿ," ಎಂದ ಟೇಪಣ್ಣ.

"ಹಾರೆಗೇನು ಬರಗಾಲ?"

ಜಡೆಯ ತುದಿಗೆ ಟ್ಯೂಬಿನಿಂದ ಕತ್ತರಿಸಿದ ರಬ್ಬರು ಹಾಕಿ, ಮಗುವನ್ನು ಟೀಚರಮ್ಮನ ಕೈಗೆ ಕೊಟ್ಟು ಅವಳು ಜೀಪು ಹತ್ತಿದಳು.

ದೋಷಾರೋಪ ಪಟ್ಟಿಯ ಕೊನೆಯಲ್ಲಿ ಇನ್‌ಸ್ಪೆಕ್ಟರ್ ಉದ್ದೇಶವನ್ನು ತಾವೇ ಬರೆದರು: ಆರೋಪಿಗೆ ಇದರಿಂದ ಯಾವ ಲಾಭವೂ ಇಲ್ಲ. ಒಂದೇ ಕಡೆ ಸತ್ತ ಎಂಟು ಮಂದಿಯನ್ನು ಒಂದೇ ಕಡೆ ಎಣಿಸಬೇಕೆಂಬುದು ಆಕೆಯ ಹಟ. ಆ ಎಂಟರಲ್ಲಿ ಒಬ್ಬಳು ಆಕೆಯ ಅಕ್ಕ. ನಕ್ಷೆ ಲಗತ್ತಿಸಿದೆ.

ಎಂದಿನಂತೆ ಒಂದು ಪ್ರತಿ ಸಾರಿಗೆ ಇಲಾಖೆಯ ದತ್ತಾಂಶ ವಿಭಾಗಕ್ಕೆ ಹೋಯಿತು.