ಸಂಗ್ರಾಮನ ಸಾಕ್ಷಿ

ಚಿಕ್ಕೋಡಿಯ ಆ ಆಸ್ಪತ್ರೆಯ ವರಾಂಡದಲ್ಲಿ ನಿಂತು ಸಂಗ್ರಾಮ ದೇವರನ್ನು ಬೈಯುತ್ತಿದ್ದ.

ಡಾಕ್ಟರನ್ನಲ್ಲ, ಸಿಸ್ಟರುಗಳನ್ನಲ್ಲ, ನೇರ ದೇವರನ್ನೇ. ಕೂದಲಲ್ಲಿ ಎರೆಮಣ್ಣು, ಅಂಗಿಯ ಮೇಲೆ ಗೆಳೆಯನ ರಕ್ತ. ಕಬ್ಬೂರಿನ ಹೊರಗೆ ಹಳೆಯ ಬಾವಿಯೊಂದರ ಹೂಳು ತೆಗೆಯಲು ಇಬ್ಬರೂ ಜೆಸಿಬಿ ತೆಗೆದುಕೊಂಡು ಹೋಗಿದ್ದರು. ದಂಡೆ ಕುಸಿಯಿತು, ಮಶೀನು ಮಗುಚಿತು, ಡ್ರೈವರ್ ಸೀಟಿನಲ್ಲಿದ್ದ ವಿಕ್ರಾಂತನ ಎಡಗಾಲು ಕಬ್ಬಿಣದ ಕೆಳಗೆ ಸಿಕ್ಕಿತು. ಪಕ್ಕದಲ್ಲೇ ನಿಂತಿದ್ದ ಸಂಗ್ರಾಮನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅವನಿಗೆ ತಡೆಯಲಾಗದೆ ಇದ್ದದ್ದು ಅದೇ.

"ದೇವರು ಅನ್ನಾಂವ ಎಲ್ಲೆರೆ ಇದ್ರ ಒಂದ ಸಲ ನನ್ನ ಮುಂದ ಬಂದ ನಿಂದರಲಿ. ಕೇಳತೇನಿ. ದುಡದ ತಿನ್ನಾವನ ಕಾಲ ಬೇಕಾಗಿತ್ತನ ನಿನಗ?"

ಸಿಟ್ಟು ಅವನಿಗೆ ಹೊಸದಲ್ಲ. ಮಾಸ್ತರರೊಬ್ಬರು ಇಡೀ ವರ್ಗದೆದುರು ಅವನ ಜಾತಿ ಎತ್ತಿ ಆಡಿದ ದಿನ ಪಾಟಿಚೀಲ ಎಸೆದು ಬಂದವನು, ಮತ್ತೆ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಅವತ್ತಿನಿಂದ ಎದೆಯೊಳಗೆ ಒಂದು ಒಲೆ ಉರಿಯುತ್ತಲೇ ಇತ್ತು. ಯಾರು ಬಂದರೂ ಕಟ್ಟಿಗೆ ಹಾಕಿ ಹೋಗುತ್ತಿದ್ದರೇ ಹೊರತು ನೀರು ಹಾಕಿದವರಿಲ್ಲ.

ಅಷ್ಟರಲ್ಲಿ ಒಬ್ಬ ಸಿಸ್ಟರು ಬಂದಳು. ಬಿಳಿ ಡ್ರೆಸ್ಸು, ಕೊರಳಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಶಿಲುಬೆ. ಹೊರಗೆ ಹೋಗಿ ಅನ್ನುತ್ತಾಳೆಂದು ಸಂಗ್ರಾಮ ಜಗಳಕ್ಕೆ ತಯಾರಾದ. ಅವಳು ಒಂದು ಗ್ಲಾಸು ನೀರು ಅವನ ಕೈಗಿಟ್ಟಳು.

"ಇಲ್ಲಿ ಬಾಕಿ ಪೇಶಂಟ್ ಅದಾರ್ರಿ. ಬೈಯೂದ ಇದ್ರ ಸಣ್ಣ ದನಿಲೆ ಬೈರಿ. ಅವಂಗ ಕೇಳಸತೈತಿ."

ನಗಲಿಲ್ಲ ಅವಳು. ಆದರೆ ತಿರುಗಿ ಹೋಗುವಾಗ ಕಣ್ಣಿನ ತುದಿಯಲ್ಲಿ ಏನೋ ಒಂದು ಮಿಣುಕಿತು. ಸಂಗ್ರಾಮ ಗ್ಲಾಸು ಹಿಡಿದುಕೊಂಡು ಹಾಗೇ ನಿಂತ. ನೀರು ಕುಡಿಯುವುದು ನೆನಪಾಗಲು ಬಹಳ ಹೊತ್ತು ಬೇಕಾಯಿತು.

ಹೆಸರು ನೀಲಮ.

ವಿಕ್ರಾಂತನ ಕಾಲು ಮೊಣಕಾಲಿನ ಕೆಳಗೆ ಹೋಯಿತು, ಜೀವ ಉಳಿಯಿತು. ಸಂಗ್ರಾಮ ದಿನಾ ಆಸ್ಪತ್ರೆಗೆ ಬರತೊಡಗಿದ. ಡ್ರೆಸ್ಸಿಂಗಿನ ವೇಳೆಗೇ ಸರಿಯಾಗಿ ಬರುತ್ತಿದ್ದ. ತನ್ನನ್ನು ನೋಡಲು ಬರುತ್ತೀಯೋ, ಪಟ್ಟಿ ಕಟ್ಟುವವಳನ್ನು ನೋಡಲು ಬರುತ್ತೀಯೋ ಎಂದು ವಿಕ್ರಾಂತ ಹಾಸಿಗೆಯಿಂದಲೇ ಕಾಲೆಳೆಯುತ್ತಿದ್ದ. ತಿರುಗಿ ನೀನು ಎಳೆಯಲು ನನ್ನದು ಒಂದೇ ಕಾಲು ಉಳಿದಿದೆ, ಹುಷಾರು ಎಂದೂ ತಾನೇ ಸೇರಿಸುತ್ತಿದ್ದ. ನೀಲಮ ತಲೆ ತಗ್ಗಿಸಿ ಪಟ್ಟಿ ಸುತ್ತುತ್ತಿದ್ದಳು. ಅವಳ ಕಿವಿ ಕೆಂಪಾಗುವುದನ್ನು ಸಂಗ್ರಾಮ ನೋಡುತ್ತಿದ್ದ, ಅವನು ನೋಡುವುದನ್ನು ಅವಳು ನೋಡದೆಯೇ ನೋಡುತ್ತಿದ್ದಳು. ಒಮ್ಮೆ ಥರ್ಮಾಮೀಟರು ಝಾಡಿಸುತ್ತ ಅವನ ಕಡೆ ತಿರುಗಿ, "ನಿಮಗೂ ಹಚ್ಚಲೇನ್ರಿ? ಮುಖ ಬಾಳ ಕಾದಂಗ ಕಾಣತೈತಿ," ಅಂದಳು. ಅವತ್ತು ಅವನು ಊರ ತನಕ ಬಸ್ಸಿನಲ್ಲಿ ಒಬ್ಬನೇ ನಗುತ್ತ ಹೋದ.

ಆಮೇಲೆ ಬಸ್‌ಸ್ಟ್ಯಾಂಡಿನ ಚಹಾ ಬಂತು. ಡ್ಯೂಟಿ ಮುಗಿಸಿ ಮನೆ ಮುಟ್ಟಿದಳೆಂದರೆ ಅವನ ಮೊಬೈಲಿಗೆ ಒಂದು ಮಿಸ್‌ಕಾಲ್. ಮಾತಿಲ್ಲ, ಒಂದೇ ಒಂದು ರಿಂಗು. ಆ ರಿಂಗು ಬಂದ ಮೇಲೆಯೇ ಅವನಿಗೆ ಊಟ ರುಚಿಸುತ್ತಿತ್ತು.

ನೀಲಮಳ ತಂದೆ ಜ್ಞಾನದೇವ ಚಿಕ್ಕೋಡಿಯ ಒಂದು ಸಣ್ಣ ಸಭೆಯ ಪಾಸ್ಟರು. ಪತ್ರಾಸು ತಗಡಿನ ಮಾಡು, ನೆಲಕ್ಕೆ ಚಾಪೆ, ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಅಜ್ಜನ ಕಾಲದಲ್ಲಿ ಯೇಸುವಿನ ದಾರಿ ಹಿಡಿದ ಮನೆತನ, ಹೆಸರು ಮಾತ್ರ ಹಳೆಯವೇ ಇಟ್ಟುಕೊಂಡವರು. ಸಂಗ್ರಾಮ ಧೈರ್ಯ ಮಾಡಿ ಹೋಗಿ ಕೇಳಿದಾಗ ಅವರು ಸಿಟ್ಟಾಗಲಿಲ್ಲ. ಮೀರಜಿನಿಂದ ಒಂದು ಸಂಬಂಧ ಬಂದಿದೆ, ವಿಶ್ವಾಸಿಗಳ ಮನೆ ಎಂದರು. ಜಾತಿ ತಮಗೆ ಬೇಡ, ಆಸ್ತಿ ಬೇಡ, ಆದರೆ ಗಂಡ ಹೆಂಡತಿ ಒಂದೇ ದೇವರ ಮುಂದೆ ಮೊಣಕಾಲೂರಬೇಕು ಎಂದರು. ಬಂದು ಕೂತು ಕೇಳು, ಮನಸ್ಸಾದರೆ ಈಸ್ಟರಿಗೆ ದೀಕ್ಷಾಸ್ನಾನ ತೆಗೆದುಕೋ, ಮೀರಜಿನವರಿಗೆ ಅಲ್ಲಿಯ ತನಕ ಉತ್ತರ ಕೊಡುವುದಿಲ್ಲ ಎಂದರು.

ಸಂಗ್ರಾಮನಿಗೆ ಕೇಳಿಸಿದ್ದು ಒಂದೇ. ನೀರಲ್ಲಿ ಮುಳುಗಿ ಎದ್ದರೆ ನೀಲಮ.

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ದೀಕ್ಷಾಸ್ನಾನಕ್ಕೆ ಮುಂಚಿನ ಭಾನುವಾರ ಎಲ್ಲರೆದುರು ಎದ್ದು ನಿಂತು ಸಾಕ್ಷಿ ಹೇಳಬೇಕು, ತನ್ನನ್ನು ದೇವರು ಹೇಗೆ ಹಿಡಿದ ಎಂದು. ಸಭೆಯ ಹಿರಿಯಳು ತಾರವ್ವನಿಗೆ ವರ್ಷಗಟ್ಟಲೆ ಕಾಡಿದ ಹೊಟ್ಟೆನೋವು ಪ್ರಾರ್ಥನೆಯಲ್ಲಿ ಹೋಗಿತ್ತು. ಬಾಳು ಎಂಬವನು ಸೆರೆ ಕುಡಿಯುವುದನ್ನು ಬಿಟ್ಟಿದ್ದ. ಸಂಗ್ರಾಮ ಕುಡಿಯುವವನಲ್ಲ, ಮೈಯಲ್ಲಿ ಒಂದು ನೆಗಡಿಯೂ ಇಲ್ಲ. ಅವನ ಬದುಕಿನಲ್ಲಿ ಹೇಳುವಂಥದ್ದು ಇದ್ದದ್ದು ಆ ಬಾವಿ ಒಂದೇ.

ಎದ್ದು ನಿಂತ. ದಂಡೆ ಕುಸಿದಾಗ ತಾನು ಎರಡೂ ಕೈ ಎತ್ತಿ ಯೇಸುಸ್ವಾಮಿಯನ್ನು ಕೂಗಿದೆ ಎಂದ. ಸ್ವಾಮಿ ಕೇಳಿದ, ಗೆಳೆಯನ ಜೀವ ಉಳಿಯಿತು ಎಂದ. ಹೇಳುತ್ತ ಹೇಳುತ್ತ ಅವನಿಗೇ ಅದು ಖರೆ ಅನ್ನಿಸತೊಡಗಿತು. ಆಮೆನ್ ಅಂದರು ಗಂಡಸರು. ತಾರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆದ್ದೆ ಅಂದುಕೊಂಡು ಸಂಗ್ರಾಮ ಹೆಂಗಸರ ಕಡೆ ನೋಡಿದ.

ನೀಲಮ ಚಾಪೆಯ ಪಟ್ಟೆಗಳನ್ನು ನೋಡುತ್ತಿದ್ದಳು.

ಅವತ್ತು ಮಿಸ್‌ಕಾಲ್ ಬರಲಿಲ್ಲ. ಮರುದಿನವೂ ಇಲ್ಲ. ತಾನೇ ಮಾಡಿದರೆ ಸ್ವಿಚ್ ಆಫ್. ಮೂರನೆಯ ದಿನ ಉರಿದುಕೊಂಡು ಹೋಗಿ ಆಸ್ಪತ್ರೆಯ ಗೇಟಿನ ಬಳಿ ನಿಂತ. ಅವಳು ಹೊರಗೆ ಬಂದಾಗ, ಇಡೀ ಸಭೆ ಅತ್ತಿತು, ನಿನಗೊಬ್ಬಳಿಗೇ ಏನಾಯಿತು ಎಂದು ಕೇಳಿದ.

"ಅವತ್ತ ವರಾಂಡದಾಗ ನೀವ ಏನಂದ್ರಿ, ನಾ ಕೇಳೇನ್ರಿ," ಅಂದಳು ನೀಲಮ. "ಇಷ್ಟ ಖರೇ ಸಿಟ್ಟು ಮಾಡಾವನ್ನ ನಾ ಅಲ್ಲಿತನಕ ನೋಡಿರಲಿಲ್ಲ. ಅವತ್ತ ನಿಮ್ಮ ಸಲುವಾಗಿ ಪ್ರಾರ್ಥನಾ ಮಾಡಿದ್ನಿ. ನನ್ನ ಮನಸ ಅಲ್ಲೇ ನಿಂತಿತ್ತು. ನೀವು ಅದನ್ನ ಸುಳ್ಳ ಮಾಡಿಬಿಟ್ರಿ."

ಅವಳ ಸಲುವಾಗಿಯೇ ಅಲ್ಲವೇ ತಾನು ಹೇಳಿದ್ದು ಎಂದ ಅವನು.

"ಅದಕ್ಕ ಅಂಜಿಕಿ ಬರತೈತಿ. ನಾ ಜ್ವರ ಬಂದ್ರ ಮಲಗಾಕಿ. ಸಿಟ್ಟ ಬಂದ್ರ ಮಾತ ಬಿಡಾಕಿ. ನಿಮ್ಮ ಬದಕಿಗೆ ಪಾಯಾ ನಾನ ಆದ್ರ ಎಷ್ಟ ಭಾರ ಹೊರ್ಲಿ ನಾ? ನಾಳೆ ನಾ ಸತ್ರ ನೀವು ಯಾವುದರ ಮ್ಯಾಲ ನಿಂದರತೀರಿ?"

ಅವಳ ಕಣ್ಣು ತುಂಬಿದ್ದವು. ಸಂಗ್ರಾಮನಿಗೆ ಹಳೆಯ ಸಿಟ್ಟೇ ಬಂತು. ಮೀರಜಿನವನೇ ಒಳ್ಳೆಯವನಿರಬೇಕು ಎಂದು ಹೇಳಬಾರದ ಮಾತು ಹೇಳಿ ಹೊರಟುಬಂದ.

ಸಮಾಧಾನ ಸಿಗುತ್ತದೆಂದು ವಿಕ್ರಾಂತನ ಮನೆಗೆ ಹೋದ. ವಿಕ್ರಾಂತ ಅಂಗಳದ ಹೊರಸಿನ ಮೇಲೆ ಕೂತು ಎಲ್ಲ ಕೇಳಿದ, ನಡುನಡುವೆ ನಕ್ಕ. ಸಾಕ್ಷಿಯ ಮಾತು ಬಂದಾಗ ನಗು ನಿಂತಿತು. ಮಡಚಿದ ಪ್ಯಾಂಟನ್ನು ಕೈಯಿಂದ ಸವರಿಕೊಂಡ.

"ನನ್ನ ಕಾಲ ಕೊಟ್ಟ ಹೆಂಡ್ತಿ ತಗೋಳಾಕತ್ತಿ ಏನಲೇ?"

ಅಷ್ಟೇ. ಬೈಗುಳವೂ ಅಲ್ಲ ಅದು. ಆದರೆ ಸಂಗ್ರಾಮ ತಲೆಯೆತ್ತಲಿಲ್ಲ. ತನ್ನ ಜಾತಿ ಎತ್ತಿ ಆಡಿದ ಮಾಸ್ತರನನ್ನು ಅವನು ಕ್ಷಮಿಸಿರಲಿಲ್ಲ. ಆ ಮಾಸ್ತರ ಸಹ ಗೆಳೆಯನ ಗಾಯವನ್ನು ತನ್ನ ಲಾಭಕ್ಕೆ ಮಾರಿರಲಿಕ್ಕಿಲ್ಲ ಎಂಬ ವಿಚಾರ ಬಂದು, ಮೊದಲ ಸಲ ಆ ಒಲೆಯ ಉರಿ ಅವನ ಕಡೆಗೇ ತಿರುಗಿತು.

ಈಸ್ಟರಿನ ಬೆಳಿಗ್ಗೆ ಕಲ್ಲೋಳದ ಹತ್ತಿರ ಕೃಷ್ಣೆಯ ದಂಡೆಯಲ್ಲಿ ಸಭೆ ನೆರೆದಿತ್ತು. ಬೇಸಿಗೆಯ ಹೊಳೆ, ಸೊಂಟದಷ್ಟು ನೀರು. ಬಿಳಿ ಅಂಗಿ ತೊಟ್ಟ ಸಂಗ್ರಾಮ ನೀರಿಗಿಳಿದ. ದಂಡೆಯಲ್ಲಿ ನೀಲಮ ಟವೆಲು ಹಿಡಿದು ನಿಂತಿದ್ದಳು, ಮುಖ ಬೇರೆ ಕಡೆ ಇತ್ತು. ಸುಮ್ಮನೆ ಒಮ್ಮೆ ಮುಳುಗಿದರೆ ಮುಗಿಯಿತು. ಮೀರಜಿನವರಿಗೆ ಇಲ್ಲ ಅನ್ನುವುದು, ಮದುವೆ, ಎಲ್ಲ ಆ ನೀರಿನ ಕೆಳಗೇ ಇತ್ತು. ಅವಳೂ ಒಂದು ದಿನ ಸಿಟ್ಟು ಬಿಟ್ಟಾಳು.

ಜ್ಞಾನದೇವರು ಅವನ ಬೆನ್ನಿಗೆ ಕೈ ಕೊಟ್ಟು, ಎಲ್ಲರಿಗೂ ಕೇಳುವಂತೆ ಕೇಳಿದರು, "ಯಾರ ಸಲುವಾಗಿ ಈ ನೀರಿಗೆ ಬಂದೀಯಪಾ?"

ಯೇಸುವಿನ ಸಲುವಾಗಿ ಅನ್ನಬೇಕಿತ್ತು. ಎಲ್ಲರೂ ಹಾಗೇ ಅನ್ನುತ್ತಿದ್ದರು.

"ನೀಲಮನ ಸಲುವಾಗಿ ಬಂದೇನ್ರಿ," ಅಂದ ಸಂಗ್ರಾಮ.

ದಂಡೆಯಲ್ಲಿ ಯಾರೋ ಕೆಮ್ಮಿದರು. ಅವನು ನಿಲ್ಲಿಸಲಿಲ್ಲ.

"ಹೋದ ವಾರ ನಾ ಹೇಳಿದ್ದು ಸುಳ್ಳು. ನಾ ಯೇಸುಸ್ವಾಮಿನ್ನ ಕೂಗಲಿಲ್ಲ. ದೇವರನ್ನ ಬೈದ್ನಿ, ಬಾಯಿಗೆ ಬಂದಂಗ ಬೈದ್ನಿ. ನನ್ನ ಗೆಳ್ಯಾನ ಕಾಲ ಯಾಕ ಹೋತು ಅಂತ ಇವತ್ತಿಗೂ ನನಗ ತಿಳದಿಲ್ಲ, ಇವತ್ತಿಗೂ ಸಿಟ್ಟ ಐತಿ. ಇಷ್ಟ ನನ್ನ ಸಾಕ್ಷಿ. ಇದನ್ನ ಇಟಗೊಂಡ ಮುಳುಗಾಕ ನನಗ ಬರಂಗಿಲ್ರಿ."

ನೀರು ಅವನ ಸೊಂಟದ ಸುತ್ತ ಹರಿದುಹೋಗುತ್ತಿತ್ತು. ತಾರವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಜ್ಞಾನದೇವರು ಬೆನ್ನಿನ ಮೇಲಿನ ಕೈ ತೆಗೆಯಲಿಲ್ಲ. ನಡಿ ಎಂದು, ಅದೇ ಕೈಯಿಂದ ಅವನನ್ನು ದಂಡೆಯ ತನಕ ನಡೆಸಿಕೊಂಡು ಬಂದರು. ಭಾನುವಾರ ತಪ್ಪಿಸಬೇಡ ಎಂದಷ್ಟೇ ಹೇಳಿದರು.

ಟವೆಲು ಕೊಟ್ಟದ್ದು ನೀಲಮ. ಗೇಟಿನ ಆ ಜಗಳದ ಮೇಲೆ ಮೊದಲ ಸಲ ಅವನ ಮುಖ ನೋಡಿದಳು. ಸಂಗ್ರಾಮ ನೋಡಿದ್ದು ವರಾಂಡದ ಆ ಕಣ್ಣುಗಳನ್ನೇ, ಅದೇ ಮಿಣುಕು, ಆದರೆ ಈಗ ಅದು ಕೆನ್ನೆಯ ತನಕ ಹರಿದಿತ್ತು.

ಮೀರಜಿನವರಿಗೆ ಇಲ್ಲ ಎಂದು ಹೇಳಿಬಿಡುತ್ತೇನೆ ಎಂದಳು. ಅವನ ಉಸಿರು ಬಂತು. ಮುಂದಿನ ಮಾತಿಗೆ ಮತ್ತೆ ಹೋಯಿತು. ತಾನು ಅಥಣಿಯ ಆಸ್ಪತ್ರೆಗೆ ಕೆಲಸಕ್ಕೆ ಹೋಗುತ್ತೇನೆ, ಫೋನು ಮಾಡುವುದಿಲ್ಲ ಎಂದಳು.

"ನಾ ಕುಂಡ್ರು ಜಾಗಾ ಖಾಲಿ ಇರತೈತಿ. ಅವಾಗ ಆ ಮಂದಿರದಾಗ ಏನ ಉಳೀತೈತಿ ನೋಡ್ರಿ. ಏನೂ ಇಲ್ಲ ಅನಸಿದ್ರ ಹಂಗ ಹೇಳ್ರಿ, ನಾ ಬೈಯಂಗಿಲ್ಲ. ಸುಳ್ಳ ಮಾತ್ರ ಹೇಳಬ್ಯಾಡ್ರಿ."

ಮೊದಲ ಭಾನುವಾರ ಹೆಂಗಸರ ಚಾಪೆಯ ಖಾಲಿ ಜಾಗ ನೋಡಿ ಸಂಗ್ರಾಮ ಎದ್ದು ಹೊರಟಿದ್ದ. ಚಪ್ಪಲಿಯಲ್ಲಿ ಕಾಲಿಟ್ಟವನು ಮತ್ತೆ ಬಂದು ಕೂತ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಸುಳ್ಳು ಹೇಳಿದವನನ್ನು ಅಲ್ಲಿ ಯಾರೂ ಚುಚ್ಚಲಿಲ್ಲ. ಬಾಳು ಸರಿದು ಜಾಗ ಕೊಟ್ಟ. ಬರಬರುತ್ತ ವಿಕ್ರಾಂತನನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಬರತೊಡಗಿದ. ವಿಕ್ರಾಂತ ಪ್ರಾರ್ಥನೆ ಮಾಡುತ್ತಿರಲಿಲ್ಲ, ಹಾಡು ಮಾತ್ರ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ. ದೀಕ್ಷಾಸ್ನಾನ ಯಾವಾಗ ಎಂದು ಜ್ಞಾನದೇವರು ಒಂದು ದಿನವೂ ಕೇಳಲಿಲ್ಲ.

ಮಳೆಗಾಲ ಹೋಯಿತು, ಕಬ್ಬು ಕಡಿಯುವ ಹಂಗಾಮೂ ಮುಗಿಯಿತು. ಸಭೆಯವರು ಊರ ಹೊರಗೆ ಹೊಸ ಮಂದಿರ ಕಟ್ಟಲು ಹೊರಟರು. ಪಾಯಾ ತೋಡುವ ಕೆಲಸ ಸಂಗ್ರಾಮನದು. ಎರೆಭೂಮಿ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಅದರ ಮೇಲೆ ಎಂಥ ಗೋಡೆ ಕಟ್ಟಿದರೂ ಸೀಳುತ್ತದೆ. ಗಟ್ಟಿ ನೆಲ ಸಿಗುವ ತನಕ ತೋಡಬೇಕು. ತೋಡಿದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮಶೀನು ಬಂದ್ ಮಾಡಿ, ಎಷ್ಟು ಆಳ ಬಂದಿದೆ ನೋಡಲು ತಗ್ಗಿನಲ್ಲಿ ಇಳಿದ. ತಂಪಾಗಿತ್ತು. ಸುತ್ತ ಕರೀ ಮಣ್ಣು, ಕಾಲ ಕೆಳಗೆ ಕೆಂಪಗೆ ಗಡಸು ನೆಲ.

ಆ ಬಾವಿ ನೆನಪಾಯಿತು. ವರಾಂಡದಲ್ಲಿ ಕೂಗಿದ ಮಾತನ್ನೇ ಮತ್ತೆ ಹೇಳಿದ. ಈ ಸಲ ಸಣ್ಣ ದನಿಯಲ್ಲಿ. ನನ್ನ ಮುಂದೆ ಬಂದು ನಿಂತುಕೋ, ಕೇಳುವುದಿದೆ. ಮಾಸ್ತರನ ಮಾತು ಹೇಳಿದ, ಗೆಳೆಯನ ಕಾಲಿನ ಮಾತು ಹೇಳಿದ, ತನ್ನ ಸುಳ್ಳನ್ನೂ ಹೇಳಿದ. ನೀಲಮಳನ್ನು ಕೊಡು ಎಂದು ಮಾತ್ರ ಕೇಳಲಿಲ್ಲ. ಉತ್ತರವೇನೂ ಬರಲಿಲ್ಲ. ಆದರೆ ಇಷ್ಟು ದಿನ ಗೋಡೆಗೆ ಬೈದಂತಿದ್ದದ್ದು ಅವತ್ತು ಹಾಗಿರಲಿಲ್ಲ. ತಾನು ಮಾತಾಡಿ ಮುಗಿಸುವ ತನಕ ಯಾರೋ ಎದ್ದು ಹೋಗದೆ ಕೂತಿದ್ದರು. ಶಿಲುಬೆಯ ಮೊಳೆಗೆ ತೂತು ಬಿದ್ದ ಅಂಗೈಯವನು, ಅವನಿಗೂ ಗಾಯ ಅಂದರೆ ಏನೆಂದು ಗೊತ್ತು. ಸಂಗ್ರಾಮ ಆ ಗಡಸು ನೆಲದ ಮೇಲೆ ಮೊಣಕಾಲೂರಿ ಬಹಳ ಹೊತ್ತು ಅತ್ತ.

ಒಂದು ಬುಧವಾರ ಬೆಳಿಗ್ಗೆ ಮಂದಿರದ ಪಕ್ಕದ ಕಬ್ಬಿನ ಹೊಲದ ನೀರಿನ ಟಾಕಿಯಲ್ಲಿ ಜ್ಞಾನದೇವರು ಅವನಿಗೆ ದೀಕ್ಷಾಸ್ನಾನ ಕೊಟ್ಟರು. ಭಾಷಣವಿಲ್ಲ, ಸಭೆಯಿಲ್ಲ. ಹೊಸದಾಗಿ ಹಾಕಿಸಿಕೊಂಡ ಕೃತಕ ಜೈಪುರ ಕಾಲಿನ ಮೇಲೆ ನಿಂತ ವಿಕ್ರಾಂತ ಒಬ್ಬನೇ ನೋಡಿದವನು. ಯಾರ ಸಲುವಾಗಿ ಎಂಬ ಪ್ರಶ್ನೆಗೆ ಸಂಗ್ರಾಮ ಈ ಸಲ ಏನು ಹೇಳಿದ ಎಂಬುದು ಆ ಮೂವರಿಗೇ ಗೊತ್ತು.

ಅಷ್ಟು ಹೊತ್ತು ನಿಂತು ಹೊಸ ಕಾಲು ಉಜ್ಜಿ ವಿಕ್ರಾಂತನ ಮೊಣಕಾಲಿನ ಕೆಳಗೆ ಗುಳ್ಳೆ ಎದ್ದಿತ್ತು. ಬೈಕಿನ ಮೇಲೆ ಅವನನ್ನು ಹಾಗೇ ಆಸ್ಪತ್ರೆಗೆ ಕರೆತಂದ ಸಂಗ್ರಾಮ, ಡ್ರೆಸ್ಸಿಂಗ್ ಕೋಣೆಯ ಪರದೆ ಸರಿಸಿ ಅಲ್ಲೇ ನಿಂತ.

ನೀಲಮ ಬ್ಯಾಂಡೇಜು ಜೋಡಿಸುತ್ತಿದ್ದಳು. ಅಥಣಿ ಬಿಟ್ಟು ಮತ್ತೆ ಇಲ್ಲಿಯ ಕೆಲಸಕ್ಕೆ ಬಂದು ಎರಡು ದಿನವಾಗಿತ್ತು, ಬಂದದ್ದನ್ನು ಅವಳೂ ಹೇಳಿರಲಿಲ್ಲ. ಮಳೆಯ ಸುಳಿವಿಲ್ಲದ ಬೇಸಿಗೆಯ ಆ ಬೆಳಿಗ್ಗೆ, ಅವನ ಕೂದಲಿನಿಂದ ಕಾಲರಿನ ಮೇಲೆ ನೀರು ಇಳಿಯುತ್ತಿತ್ತು. ಅವಳು ಕೂದಲು ನೋಡಿದಳು, ಒದ್ದೆ ಕಾಲರು ನೋಡಿದಳು, ನಗು ತಡೆಯಲು ಒದ್ದಾಡುತ್ತಿದ್ದ ವಿಕ್ರಾಂತನನ್ನು ನೋಡಿದಳು. ಕೈಯಲ್ಲಿದ್ದ ಬ್ಯಾಂಡೇಜು ಉರುಳಿ ನೆಲದುದ್ದಕ್ಕೂ ಬಿಚ್ಚಿಕೊಂಡು ಹೋಯಿತು.

"ನನಗ ಯಾಕ ಹೇಳಲಿಲ್ರಿ?"

"ಅದ ನಂದು ಅವಂದು ಮಾತು," ಅಂದ ಸಂಗ್ರಾಮ. "ನಿನಗ ಹೇಳೂದ ಬ್ಯಾರೆ ಐತಿ."

"ಹೇಳ್ರಿ ಮತ್ತ."

ಅವನು ಪರದೆಯಾಚೆ ನೋಡಿದ. ಬೆಂಚಿನ ತುಂಬ ಜನ. ಇಲ್ಲಿ ಬಾಕಿ ಪೇಶಂಟುಗಳಿದ್ದಾರೆ ಎಂದ.

ನೀಲಮ ಒಂದು ಹೆಜ್ಜೆ ಹತ್ತಿರ ಬಂದು, ಒಣ ಟವೆಲನ್ನು ಅವನ ಒದ್ದೆ ತಲೆಯ ಮೇಲಿಟ್ಟಳು.

"ಸಣ್ಣ ದನಿಲೆ ಹೇಳ್ರಿ," ಅಂದಳು. "ನನಗ ಕೇಳಸತೈತಿ."